ಎರಡು ಕೊಡ

ಬೆಟಗೇರಿಯೊಳಗ ನಳ ಬರೋದು ಒಂಬತ್ತು ದಿನಕ್ಕೊಮ್ಮೆ.
ನಮ್ಮ ಬಚ್ಚಲದಾಗಿನ ನಳ ಮಾತ್ರ
ಹಗಲೂ ರಾತ್ರೀ ಬರತಿತ್ತು,
ಹನಿ, ಮತ್ತ ಹನಿ,
ಕರೀದ ಬಂದು ಕುಂತ ಬೀಗರ ಹಂಗ.

ಒಂದ ಹಿಡಿಕಿ ನಳ. ಎಡಕ್ಕ ತಿರುವಿದ್ರ ಬಿಸಿ, ಬಲಕ್ಕ ತಣ್ಣಗ,
ಎತ್ತಿದ್ರ ಧಾರಿ, ಒತ್ತಿದ್ರ ಬಂದ್.
ಬಿಸಿ ಕಡೆ ಪೈಪ ಹಾಕಿಲ್ಲ, ಆ ಮಾತು ಬ್ಯಾರೆ.
ಅದರ ಕೆಳಗ ಬಿಳೇ ಟಬ್ಬು.
ಹುಬ್ಬಳ್ಳಿ ಸ್ಟೇಶನ್ ರೋಡಿನ ಯಾವುದೋ ಲಾಡ್ಜ್ ಕೆಡವಿದಾಗ
ಮನಿ ಮಾಲಕ ಹರಾಜಿನ್ಯಾಗ ಹಿಡಿದು ತಂದದ್ದು.
ಅದರಾಗ ಮನಿಷ್ಯಾರು ಮಲಗಿದ್ದು ನಾ ಕಾಣೆ.
ಒಂಬತ್ತು ದಿನದ ನೀರು ಮಲಗತೈತಿ,
ಹರಕ ಇಳಕಲ್ ಸೀರಿ ಹೊದ್ದುಕೊಂಡು.

ನನ್ನ ಕಸಬು ತಕ್ಕಡಿ ರಿಪೇರಿ.
ಹೆಸರಿನ ಸುಗ್ಗ್ಯಾಗ ಎಪಿಎಂಸಿಗೆ ಹೋದ್ರ
ಐವತ್ತು ಗ್ರಾಮ್ ಸುಳ್ಳು ಹೇಳೋ ಕಾಟಾ
ಸಪ್ಪಳದ ಮ್ಯಾಲ ಗುರ್ತು ಹಿಡೀತೀನಿ.
ಮನ್ಯಾಗಿನ ಹನಿಗೆ ಮಾತ್ರ
ನಾಳೆ, ನಾಡದ್ದು, ಅಮಾಸಿ ಕಳೀಲಿ, ಅಂತಿದ್ದೆ.
ಟಬ್ಬಿನ್ಯಾಗ ಬೀಳತೈತಿ, ಎಲ್ಲಿ ಹೋಗತೈತಿ?

ಎಲ್ಲಿಂದ ಬರತೈತಿ ಅಂತ ಕೇಳಿರಲಿಲ್ಲ.

ಮಾಳಗಿ ಮ್ಯಾಲ ಕರೀ ಟಾಕಿ ಒಂದು, ಮನಿ ಎರಡು.
ಕೆಳಗಿನ ಮಗ್ಗದ ಮನಿ ಬನಶಂಕರೆವ್ವ
ಎಂಟನೇ ದಿನ ಮೆಟ್ಟಲ ಹತ್ತಿ ಬಂದಳು, ಟೊಂಕದ ಮ್ಯಾಲ ಖಾಲಿ ಕೊಡ.
"ಟಾಕಿ ಬರೇ ಗಾಳಿ ಊದಾಕ ಹತ್ತೈತ್ರಿ.
ಒಂದ ಕೊಡಾ ಇದ್ರ ಕೊಡ್ರಿ."
ಸೀರಿ ಸರಿಸಿ ಟಬ್ಬಿನ್ಯಾಗ ಮುಳುಗಿಸಿ ಕೊಟ್ಟೆ.
"ಪುಣ್ಯಾ ಬರ್ಲಿ ನಿಮಗ" ಅಂದಳು.
ಒಂದು ಹನಿ ಚೆಲ್ಲದಂಗ ಇಳಿದು ಹೋದಳು.

ಅವತ್ತ ಸಂಜಿ ಏಳಕ್ಕ ನಳದ ಬುಡಕ ಕೊಡ ಇಟ್ಟೆ.
ಮುಂಜಾನೆ ಏಳಕ್ಕ ತುಂಬಿ ತುಳುಕತಿತ್ತು.
ರಾತ್ರಿಗೊಂದು, ಹಗಲಿಗೊಂದು. ಒಂಬತ್ತಲೆ ಹದಿನೆಂಟು.
ಎಷ್ಟು ತಿಂಗಳು ಅಂತ ಗುಣಸಲಿಲ್ಲ,
ಪೆನ್ನು ಕಿಸೆಕ್ಕ ಸಿಗಿಸಿದೆ.

ವಾಲ್ ಬಂದ್ ಮಾಡಿದೆ. ಟಬ್ಬಿನ ಮ್ಯಾಲ ಹಲಗಿ ಹಾಕಿದೆ.
ಕೆಂಪು-ನೀಲಿ ಗುಂಡಿ ಉಗುರಿಲೆ ಎಬ್ಬಿಸಿದ್ರ
ಒಳಗ ಜ್ವಾಳದ ಕಾಳಿನಷ್ಟು ಸ್ಕ್ರೂ.
ಹಿಡಿಕಿ ಬಂತು. ಹಿತ್ತಾಳಿ ನಟ್ಟು ಬರಲಿಲ್ಲ,
ಬೋರಿನ ನೀರು ಸುಣ್ಣಾ ಕಟ್ಟಿ ಕಲ್ಲಾಗಿತ್ತು.
ಲಿಂಬಿಹಣ್ಣು ಹಿಂಡಿ ಅರಿಬಿ ಸುತ್ತಿ
ಕೂಸಿನ ಜ್ವರಾ ಇಳಿಸಿದಂಗ ಒಂದು ತಾಸು ಕುಂತೆ.

ಟಾಂಗಾ ಕೂಟದ ಹತ್ರ ದಾವಲಸಾಬ
ಹಳೇ ಕಾರ್ಟ್ರಿಜ್ ಅಂಗೈಯಾಗ ಉಳ್ಳಾಡಿಸಿ
"ಮೂವತ್ತೈದೋ, ನಲವತ್ತೋ?" ಅಂದ.
ಅಳತಿ ನನಗ ಕೇಳತೀಯಾ ಅಂತ ಸಿಟ್ಟು ಬಂತು.
ಮೂವತ್ತೈದು. ತಂದೆ. ಕುಂದರಿಸಿದೆ. ಬಿಗಿದೆ.

ಸೋರಿತು.

ರಬ್ಬರ ಉಂಗರಾ ಬದಲಿ ಮಾಡಿದೆ.
ಸೋರಿತು, ಸ್ವಲ್ಪ ತಡಾ ಮಾಡಿ.

ಮೂರನೇ ದಿನ ಸುಶೀಲಾ ಬ್ಯಾಟರಿ ಹಿಡಿದಳು.
"ಹೊಸಾದು ಹಾಕಿದ್ರೇನು, ಕುಂದ್ರೋ ಜಾಗಾ ನೋಡೀರೇನು?"
ಕಿರಿಬೆರಳು ಒಳಗ ಬಿಟ್ಟು ತಿರುವಿದೆ.
ತಳದಾಗ ಏನೋ ತಾಗಿತು,
ಅಕ್ಕಿ ಮೂಗಿನಷ್ಟು ಸುಣ್ಣದ ಚಕ್ಕಿ.
ಕಡ್ಡಿಲೆ ಕೆರದು ತಗದೆ. ಎತ್ತಿ ನೋಡಿದ್ರ
ನನ್ನ ಯಾವ ಕಾಟಾದಾಗೂ ತೂಗೋವಂಥಾದ್ದಲ್ಲ.

ನೀರು ಬಿಟ್ವಿ. ತುದಿಗೆ ಒಂದು ಹನಿ ಬಂದು ಜೋತು ಬಿತ್ತು,
ಬೀಳಲೋ ಬ್ಯಾಡೋ ಅಂತ.
ಬಿತ್ತು. ಅದರ ಹಿಂದ ಯಾರೂ ಬರಲಿಲ್ಲ.

ಮರುದಿನ ಮೆಟ್ಟಲದಾಗ ಬನಶಂಕರೆವ್ವ,
ಕೈಯಾಗ ಕಂಡಿಕಿ ಬುಟ್ಟಿ:
"ರಾತ್ರಿ ನಿದ್ದೀನ ಹತ್ತಲಿಲ್ಲ ನೋಡ್ರಿ.
ತಲಿ ಮ್ಯಾಲಿನ ಸಪ್ಪಳಾ ನಿಂತು ಬಿಟ್ಟೈತಿ."

ಎಂದಿನಿಂದ ಕೇಳತಿತ್ತು ಅಂತ
ನಾನೂ ಕೇಳಲಿಲ್ಲ, ಆಕೀನೂ ಹೇಳಲಿಲ್ಲ.

ಮುಂದಿನ ಪಾಳಿ ಎಂಟನೇ ದಿನ
ಎರಡು ಕೊಡಾ ಒಯ್ದು ಆಕಿ ಹೊಸ್ತಲದಾಗ ಇಳಿಸಿದೆ.
"ಯಾಕ್ರೀ ಅಣ್ಣಾರ?"
"ನಮ್ಮ ಟಬ್ಬು ತುಂಬಿ ಚೆಲ್ಲಾಕ ಹತ್ತೈತಿ" ಅಂದೆ.

ಟಬ್ಬಿನ್ಯಾಗ ಗೇಣು ನೀರಿತ್ತು.